ಎಡಗೈಯವರ ಮೊದಲ ಗುಂಡು ಬಲಕ್ಕೆ ಯಾಕೆ ಹೋಗುತ್ತದೆ? ರೆಡಿ ಪೊಸಿಷನ್ನಿನ ದೋಷ ಹುಡುಕುವ ಬಗೆ

"ಸರ, ನಿಧಾನಕ್ಕ ಹೊಡದ್ರ ನಡುಕೇ ಬೀಳ್ತದ. ಕೆಳಗಿಂದ ಎತ್ತಿ ಹೊಡದ್ರ ಮಾತ್ರ ಬಲಕ್ಕ ಹೋಗ್ತದ. ಹಿಂಗ್ಯಾಕ ಆಗ್ಲತದ್ರಿ?"

ಕಲಬುರಗಿಯ ನಮ್ಮ ಪುಟ್ಟ ಹಾಲ್‌ನಲ್ಲಿ ಒಂದು ಏಪ್ರಿಲ್ ಬೆಳಿಗ್ಗೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇದು. ಅವಳು ಎಡಗೈಯವಳು, ನಮ್ಮ ಕಡೆಯ ಮಾತಿನಲ್ಲಿ ರೊಡ್ಡಗೈ. 25 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಹೋಗಬೇಕು ಅಂತ ಆಸೆ. ನಮ್ಮಲ್ಲಿರುವುದು 10 ಮೀಟರ್ ಹಾಲ್ ಮಾತ್ರ. ಹಾಗಾಗಿ ಏರ್ ಪಿಸ್ತೂಲಿನಲ್ಲೇ ಕೈ ಎತ್ತುವ ಅಭ್ಯಾಸ ನಡೆದಿತ್ತು. ಎತ್ತುವ ಮುಂಚೆ ಪಿಸ್ತೂಲ್ ಹಿಡಿದ ಕೈಯನ್ನು ಕೆಳಗೆ ಚಾಚಿ ಕಾಯುವ ನಿಲುವಿಗೇ ರೆಡಿ ಪೊಸಿಷನ್ ಅನ್ನುವುದು. ಐದು ಗುಂಡಿನ ಸರಣಿಯಲ್ಲಿ ಮೊದಲನೆಯದು ಪ್ರತಿ ಸಲ ಬಲಕ್ಕೆ, ಗುರಿಯನ್ನು ಗಡಿಯಾರ ಅಂದುಕೊಂಡರೆ 3 ಮತ್ತು 5ರ ನಡುವೆ ಬೀಳುತ್ತಿತ್ತು.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಗೋಡೆಯ ಮೇಲಿದ್ದ ದೋಷ ಚಾರ್ಟ್ ನೋಡಿದೆ. ಗುಂಡು 3 ಗಂಟೆಯ ಕಡೆ ಹೋದರೆ ಹೆಬ್ಬೆರಳು ಒತ್ತುತ್ತಿದೆ ಅಂತ ಅದರಲ್ಲಿ ಬರೆದಿತ್ತು. "ಹೆಬ್ಬೆರಳು ಸಡಿಲ ಬಿಡವ್ವಾ" ಅಂದೆ. ಪಾಪ, ಎರಡು ವಾರ ಸಡಿಲ ಬಿಟ್ಟಳು. ಹಿಡಿತವೇ ಹೋಯಿತು, ಗುಂಡುಗಳು ಇನ್ನೂ ಚದುರಿದವು. ಆ ಚಾರ್ಟ್ ಬಲಗೈಯವರಿಗಾಗಿ ಬರೆದದ್ದು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಒಂದೊಂದಾಗಿ ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ

ಕೆಳಗಿನ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಖಾಲಿ ಪಿಸ್ತೂಲಿನಲ್ಲಿ ಆಗುವಂಥವು. ಖಾಲಿ ಇದೆ ಅನ್ನುವುದನ್ನು ಇಬ್ಬರು ನೋಡಬೇಕು, ಒಬ್ಬರು ಸಾಲದು. ಪೆಲೆಟ್ (ಏರ್ ಪಿಸ್ತೂಲಿನ ಗುಂಡು) ಡಬ್ಬಿ ಆ ಟೇಬಲ್ ಮೇಲೆ ಇರಬಾರದು. ಲೇನ್‌ನಲ್ಲೇ ನಿಂತು, ನಳಿಗೆ ಗುರಿಯ ಕಡೆಗೇ ಇಟ್ಟು ಮಾಡಬೇಕು. ಪಿಸ್ತೂಲ್ ಕೆಳಗಿಟ್ಟ ಕೂಡಲೇ ಖಾಲಿ ಇದೆ ಅಂತ ತೋರಿಸುವ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ ಹಾಕಬೇಕು. ಕೈ ತಗ್ಗಿಸಿ ನಿಂತಾಗ ಬೆರಳು ಟ್ರಿಗರ್ ಗಾರ್ಡಿನ ಹೊರಗೆ ಇರಲಿ. ಇದರಲ್ಲಿ ಚೌಕಾಸಿ ಇಲ್ಲ.

ಇನ್ನೊಂದು ಮಾತು. ಸೈಟು ಅಂದರೆ ಪಿಸ್ತೂಲಿನ ಮೇಲೆ ಹಿಂದೆ, ಮುಂದೆ ಇರುವ ಗುರಿ ನೋಡುವ ಭಾಗಗಳು. ಅದನ್ನು ಸರಿಸುವ ತಿರುಪಿನ ಕ್ಲಿಕ್ ಮುಟ್ಟಬೇಡಿ. ನಿಧಾನವಾಗಿ ಹೊಡೆದದ್ದು ನಡುವಿಗೇ ಬೀಳುತ್ತಿದ್ದರೆ ಸೈಟು ಸರಿಯಿದೆ ಅಂತಲೇ ಅರ್ಥ. ಆಗ ಕ್ಲಿಕ್ ತಿರುಗಿಸಿದರೆ ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ.

ಚಾರ್ಟನ್ನು ಕನ್ನಡಿಯಲ್ಲಿ ಓದಿ

ಬಲಗೈಯವರು ಟ್ರಿಗರ್ ಜಗ್ಗಿದರೆ ಗುಂಡು ಸಾಮಾನ್ಯವಾಗಿ ಕೆಳಗೆ ಎಡಕ್ಕೆ, 7 ಗಂಟೆಯ ಕಡೆ ಹೋಗುತ್ತದೆ. ಎಡಗೈಯವರು ಅದೇ ತಪ್ಪು ಮಾಡಿದರೆ 5 ಗಂಟೆಯ ಕಡೆ. ಹೆಬ್ಬೆರಳಿನ ಒತ್ತಡ ಬಲಗೈಯವರ ಗುಂಡನ್ನು 3ಕ್ಕೆ ತಳ್ಳಿದರೆ ಎಡಗೈಯವರದನ್ನು 9ಕ್ಕೆ ತಳ್ಳುತ್ತದೆ. ಟ್ರಿಗರ್ ಮೇಲೆ ಬೆರಳಿನ ತುದಿ ಮಾತ್ರ ಇದ್ದು ಪಕ್ಕಕ್ಕೆ ನೂಕಿದರೆ ಅವರಿಗೆ 9, ಇವರಿಗೆ 3. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿದರೆ ಅವರಿಗೆ 1, ಇವರಿಗೆ 11.

ಅಂದರೆ ನಮ್ಮ ಹುಡುಗಿಯ 3 ಗಂಟೆಗೂ ಹೆಬ್ಬೆರಳಿಗೂ ಸಂಬಂಧವೇ ಇರಲಿಲ್ಲ. ನಾನು ಇಲ್ಲದ ಕಾಯಿಲೆಗೆ ಔಷಧ ಕೊಟ್ಟಿದ್ದೆ. ಈಗ ಆ ಚಾರ್ಟಿನ ಪಕ್ಕದಲ್ಲೇ ಎಡ-ಬಲ ತಿರುಗಿಸಿ ಬರೆದ ಇನ್ನೊಂದು ಚಾರ್ಟ್ ಅಂಟಿಸಿದ್ದೇನೆ. ಆದರೂ ಚಾರ್ಟ್ ಹೇಳುವುದು ಅನುಮಾನ ಅಷ್ಟೇ. ತೀರ್ಪು ಕೊಡುವುದು ಮುಂದಿನ ಪರೀಕ್ಷೆ.

ಕಣ್ಣು ಮುಚ್ಚಿ ಎತ್ತುವ ಪರೀಕ್ಷೆ

ಬರೀ ಇದೊಂದನ್ನು ಸರಿಯಾಗಿ ಮಾಡಿದರೂ ಅರ್ಧ ದಾರಿ ಮುಗಿದಂತೆ. ಖಾಲಿ ಪಿಸ್ತೂಲ್ ಹಿಡಿದು ಗುರಿಗೆ ಒಡ್ಡಬೇಕು. ಕೈಯನ್ನು ರೆಡಿ ಪೊಸಿಷನ್ನಿಗೆ ಇಳಿಸಬೇಕು. ಕಣ್ಣು ಮುಚ್ಚಬೇಕು. ಉಸಿರು ಎಳೆದು, ಅರ್ಧ ಬಿಟ್ಟು, ಕೈ ಎತ್ತಿ ನಿಲ್ಲಿಸಬೇಕು. ಆಮೇಲೆ ಕಣ್ಣು ತೆರೆದು, ಏನನ್ನೂ ಸರಿಪಡಿಸದೆ, ಕಂಡದ್ದನ್ನು ಹೇಳಬೇಕು. ಹತ್ತು ಸಲ ಮಾಡಿ ಬರೆದಿಟ್ಟುಕೊಳ್ಳಿ. ಒಂದೆರಡು ಸಲಕ್ಕೆ ನಂಬಬೇಡಿ, ಕೈ ಸುಳ್ಳು ಹೇಳುತ್ತದೆ.

ಕಾಣುವುದು ಮೂರರಲ್ಲಿ ಒಂದು. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನಲ್ಲಿ ನಡುವೆ ಕೂತಿದೆ, ಆದರೆ ಇಡೀ ಪಿಸ್ತೂಲು ಗುರಿಯ ಪಕ್ಕಕ್ಕಿದೆ ಅಂದರೆ ತಪ್ಪು ಕಾಲಿನದು. ಮುಂದಿನ ಸೈಟು ಕಚ್ಚಿನಲ್ಲೇ ಒಂದು ಪಕ್ಕಕ್ಕೆ ಸರಿದಿದೆ ಅಂದರೆ ತಪ್ಪು ಹಿಡಿಯದು ಅಥವಾ ಮಣಿಕಟ್ಟಿನದು. ಎರಡೂ ಸರಿಯಿದ್ದು ಗುಂಡು ಮಾತ್ರ ಪಕ್ಕಕ್ಕೆ ಹೋಗುತ್ತಿದೆ ಅಂದರೆ ಟ್ರಿಗರ್ ಬೆರಳು, ಇಲ್ಲವೇ ಬೆಚ್ಚುವ ಅಭ್ಯಾಸ.

ಸೈಟಿನ ತಪ್ಪು ಕೈ ಅಲುಗಾಟಕ್ಕಿಂತ ಎಷ್ಟು ದುಬಾರಿ ಅಂತ ಲೆಕ್ಕ ಹಾಕಿ ತೋರಿಸಿದರೆ ಮಕ್ಕಳು ಬೇಗ ನಂಬುತ್ತಾರೆ. ಎರಡು ಸೈಟುಗಳ ನಡುವೆ 35 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. ಮುಂದಿನ ಸೈಟು ಬರೀ 1 ಮಿ.ಮೀ. ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 29 ಮಿ.ಮೀ. ಸರಿಯುತ್ತದೆ. ಏರ್ ಪಿಸ್ತೂಲ್ ಟಾರ್ಗೆಟ್ಟಿನ ಒಂದು ರಿಂಗಿನ ಅಗಲ 8 ಮಿ.ಮೀ. ಅಲ್ಲಿಗೆ ಮೂರೂವರೆ ರಿಂಗ್ ಹೋಯಿತು. ಅದೇ ಸೈಟು ನೇರವಿದ್ದು ಇಡೀ ಕೈ 1 ಸೆಂ.ಮೀ. ಪಕ್ಕಕ್ಕೆ ಸರಿದರೆ ಗುಂಡೂ 1 ಸೆಂ.ಮೀ. ಸರಿಯುತ್ತದೆ, ಒಂದು ರಿಂಗಿಗಿಂತ ತುಸು ಜಾಸ್ತಿ ಅಷ್ಟೇ.

ನಮ್ಮ ಹುಡುಗಿ ಹತ್ತರಲ್ಲಿ ಎಂಟು ಸಲ "ಮುಂದಿಂದು ಬಲಕ್ಕದ ಸರ, ಎಡಕ್ಕ ಬೆಳಕ ಜಾಸ್ತಿ ಕಾಣ್ತದ" ಅಂದಳು. ಕಾಲನ್ನು ಕೈಬಿಟ್ಟು ಹಿಡಿಯ ಬೆನ್ನು ಹತ್ತಿದೆ.

ಹಿಡಿ

ಅವಳ ಕೈಯಲ್ಲಿದ್ದದ್ದು ಎರಡೂ ಕೈಗೆ ಆಗುವ ಸಪಾಟು ಹಿಡಿ. ಎಡಗೈ ಹಿಡಿ ಬೇಕು ಅಂದರೆ ಬೇರೆ ಆರ್ಡರ್ ಕೊಡಬೇಕು, ಕಾಯಬೇಕು, ದುಡ್ಡೂ ಜಾಸ್ತಿ. ಅದಕ್ಕೇ ಕ್ಲಬ್ಬುಗಳಲ್ಲಿ ಎಡಗೈ ಮಕ್ಕಳಿಗೆ ಇಂಥದ್ದೇ ಸಿಗುತ್ತದೆ. ಅದಾದರೂ ವಾಸಿ. ಬಲಗೈಯ ಅಂಗೈ ಅಚ್ಚಿನಂತೆ ಕೊರೆದ ಹಿಡಿಯನ್ನು ಎಡಗೈಗೆ ಕೊಡುವವರೂ ಇದ್ದಾರೆ. ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿ ಓಡು ಅಂದ ಹಾಗೆ.

ಸಪಾಟು ಹಿಡಿಯ ತೊಂದರೆ ಏನೆಂದರೆ ಅಂಗೈಯ ಗುಳಿಗೆ ತುಂಬುವುದು ಏನೂ ಇರುವುದಿಲ್ಲ. ಕೈ ಕೆಳಗಿದ್ದಾಗ ಪಿಸ್ತೂಲು ಬೆರಳುಗಳಲ್ಲಿ ತುಸು ತಿರುಗುತ್ತದೆ. ನಿಧಾನದ ಗುಂಡಿನಲ್ಲಿ ಅದನ್ನು ಮಣಿಕಟ್ಟಿನಿಂದ ತಿದ್ದಿಕೊಳ್ಳಲು ಸಮಯ ಇರುತ್ತದೆ. 25 ಮೀಟರ್ ಪಿಸ್ತೂಲಿನ ರ‍್ಯಾಪಿಡ್ ಹಂತದಲ್ಲಿ ಹೊಡೆಯಲು ಅನುಮತಿ ಕೊಡುವ ಹಸಿರು ದೀಪ ಇರುವುದು 3 ಸೆಕೆಂಡ್. ಆಮೇಲೆ 7 ಸೆಕೆಂಡ್ ಕೆಂಪು. ಒಂದು ಹಸಿರಿಗೆ ಒಂದೇ ಗುಂಡು. ಅಷ್ಟರಲ್ಲಿ ತಿದ್ದುವ ಪುರಸೊತ್ತು ಎಲ್ಲಿ? ನಿಧಾನಕ್ಕೆ ಹೊಡೆದರೆ ನಡುವೆ, ಎತ್ತಿ ಹೊಡೆದರೆ ಬಲಕ್ಕೆ ಅನ್ನುವ ಒಗಟು ಇಲ್ಲಿ ಬಿಚ್ಚಿಕೊಂಡಿತು.

ಇದಕ್ಕೆ ನಮ್ಮ ಬೇಸಿಗೆಯೂ ಸೇರಿಕೊಂಡಿತ್ತು. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಚಾವಣಿ ಕೆಳಗೆ ಕೇಳುವುದೇ ಬೇಡ. ಬೆವರಿದ ಅಂಗೈಯಲ್ಲಿ ನುಣುಪಾದ ಹಿಡಿ ಸಾಬೂನಿನ ಹಾಗೆ ಜಾರುತ್ತದೆ. ನಿಮ್ಮ ಶೂಟರ್‌ಗೆ ಬೆಳಿಗ್ಗೆ ಇಲ್ಲದ ದೋಷ ಮಧ್ಯಾಹ್ನ ಕಾಣುತ್ತಿದ್ದರೆ ಮೊದಲು ಒಂದು ಟವೆಲ್ ಕೊಟ್ಟು ನೋಡಿ.

ಪರಿಹಾರವನ್ನು ಒಂದೇ ಸಲಕ್ಕೆ ಗಟ್ಟಿ ಮಾಡಬೇಡಿ. ನಳಿಗೆ ಬಲಕ್ಕೆ ತಿರುಗುತ್ತಿದ್ದರೆ ಪಿಸ್ತೂಲಿನ ಹಿಂಭಾಗ ಬಲಕ್ಕೆ ಹೋಗಬೇಕು, ಆಗ ಮೂತಿ ಎಡಕ್ಕೆ ಬರುತ್ತದೆ. ಅದಕ್ಕೆ ಹಿಡಿಯ ಹಿಂದೆ, ಎಡ ಮಗ್ಗುಲಲ್ಲಿ, ಅಂಗೈಯ ಬುಡ ಕೂರುವ ಕಡೆ ರಟ್ಟಿನ ತುಂಡು ಇಟ್ಟು ಟೇಪ್ ಸುತ್ತಿದೆವು. ಮತ್ತೆ ಹತ್ತು ಸಲ ಕಣ್ಣು ಮುಚ್ಚಿ ಎತ್ತಿಸಿದೆ. ರಟ್ಟು ಒಂದು ಪದರ ಹೆಚ್ಚಿತು, ಅರ್ಧ ಪದರ ಕಡಿಮೆಯಾಯಿತು. ಮೂರು ದಿನ ಇದೇ ಆಟ. ಸೈಟು ನಡುವೆ ಕೂರಲು ಶುರುವಾದ ಮೇಲೆ ರಟ್ಟು ತೆಗೆದು ಎಂ-ಸೀಲ್ ಮೆತ್ತಿ, ಅದು ಹಸಿ ಇರುವಾಗಲೇ ಅವಳ ಅಂಗೈಯ ಅಚ್ಚು ತೆಗೆದೆವು. ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಬೇಕು, ಇಲ್ಲದಿದ್ದರೆ ಕೈಗೇ ಅಂಟುತ್ತದೆ. ಒಣಗಿದ ಮೇಲೆ ಉಜ್ಜುವ ಕಾಗದದಿಂದ ಒರಟು ಮಾಡಿದೆವು.

ಮೆತ್ತುವ ಹುಮ್ಮಸ್ಸಿನಲ್ಲಿ ಅಳತೆ ಮರೆಯಬೇಡಿ. ಸ್ಪರ್ಧೆಯಲ್ಲಿ ಏರ್ ಪಿಸ್ತೂಲು 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಹಿಡಿಸಬೇಕು. ದಪ್ಪಗಾದ ಹಿಡಿ 50 ಮಿ.ಮೀ. ಮೀರಿದರೆ ತಪಾಸಣೆಯಲ್ಲೇ ಮನೆಗೆ. ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡಬಾರದು. ತೂಕ 1500 ಗ್ರಾಂ ದಾಟಬಾರದು. ಈ ಕೊನೆಯದು ಮೆತ್ತಿದ್ದರಿಂದ ದಾಟುವುದು ಅಪರೂಪ.

ಕಾಲು

ಕಾಲಿನ ತಪ್ಪು ಅಂತ ಗೊತ್ತಾದರೆ ತಿದ್ದುವುದು ಸುಲಭ. ಎಡಗೈಯವರ ಎಡಗಾಲು ಗುರಿಯ ಕಡೆ ಮುಂದೆ, ಬಲಗಾಲು ಹಿಂದೆ. ಪಿಸ್ತೂಲು ಗುರಿಯ ಬಲಕ್ಕೆ ಬರುತ್ತಿದ್ದರೆ ಹಿಂದಿನ ಕಾಲನ್ನೂ ಬಲಕ್ಕೇ ಸರಿಸಿ. ಎಡಕ್ಕೆ ಬರುತ್ತಿದ್ದರೆ ಎಡಕ್ಕೆ. ತಪ್ಪು ಯಾವ ಕಡೆಯೋ ಹಿಂದಿನ ಕಾಲೂ ಆ ಕಡೆ. ಈ ಒಂದು ಸೂತ್ರ ಮಾತ್ರ ಎರಡೂ ಕೈಯವರಿಗೆ ಒಂದೇ. ಒಂದೆರಡು ಸೆಂ.ಮೀ. ಸಾಕು, ಹೆಜ್ಜೆ ಇಡಬೇಡಿ. ಸರಿಹೋದ ಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ.

ರೆಡಿ ಪೊಸಿಷನ್

ನಿಯಮ ಏನು ಹೇಳುತ್ತದೆ ಅಂತ ಮೊದಲು ನೋಡೋಣ. ಕೈ ಕೆಳಗೆ ಚಾಚಿರಬೇಕು. ನೇರ ಇಳಿಬಿದ್ದ ಗೆರೆಯಿಂದ 45 ಡಿಗ್ರಿಗಿಂತ ಮೇಲೆ ಬರಬಾರದು. ಹಸಿರು ದೀಪ ಬರುವವರೆಗೆ ಅಲುಗಬಾರದು. ಮುಂಚೆ ಎತ್ತಿದರೆ ಎಚ್ಚರಿಕೆ, ಮತ್ತೆ ಎತ್ತಿದರೆ ಅಂಕ ಕಡಿತ. 45 ಡಿಗ್ರಿಯನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ. ಹೆಗಲಿನಿಂದ ಮಣಿಕಟ್ಟಿಗೆ 65 ಸೆಂ.ಮೀ. ಇದ್ದರೆ ಮಣಿಕಟ್ಟು ಹೆಗಲಿಗಿಂತ ಕನಿಷ್ಠ 46 ಸೆಂ.ಮೀ. ಕೆಳಗಿರಬೇಕು. ಪಕ್ಕದಲ್ಲಿ ಒಂದು ದಾರ ಕಟ್ಟಿ ತೋರಿಸಿದರೆ ಮುಗಿಯಿತು.

ಇಲ್ಲಿಯ ದೋಷಗಳು ಕೋಚ್ ಕಣ್ಣಿಗೆ ಬೀಳದಿರಲು ಒಂದು ಕಾರಣ ಇದೆ. ನಾವು ನಿಲ್ಲುವ ಜಾಗವೇ ತಪ್ಪು. ಬಲಗೈಯವರು ಎಡಕ್ಕೆ ಮುಖ ಮಾಡಿ ನಿಲ್ಲುತ್ತಾರೆ, ಹಾಗಾಗಿ ನಾವು ಅವರ ಎಡಕ್ಕೆ ನಿಂತು ನೋಡುತ್ತೇವೆ. ಅಭ್ಯಾಸಬಲದಿಂದ ನಾನು ಈ ಹುಡುಗಿಯ ಎಡಕ್ಕೇ ನಿಂತಿದ್ದೆ. ಅಲ್ಲಿಂದ ಕಾಣುವುದು ಅವಳ ಜಡೆ, ಬೆನ್ನು. ಬಲಕ್ಕೆ ಬಂದು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದಾಗಲೇ ಕಂಡದ್ದು: ಕೈ ಕೆಳಗಿದ್ದಾಗ ಅವಳ ಮಣಿಕಟ್ಟು ಸಡಿಲವಾಗಿ ಬಾಗಿತ್ತು. ಎತ್ತುವಾಗ ದಾರಿಯಲ್ಲಿ ಚಟಕ್ಕನೆ ಬಿಗಿಯುತ್ತಿತ್ತು. ಹಿಡಿ ಸರಿ ಮಾಡಿದ ಮೇಲೂ ಗುಂಡು ಆಗಾಗ ಮೇಲೆ ಕೆಳಗೆ ಹೋಗುತ್ತಿದ್ದದ್ದು ಇದರಿಂದ.

ಹಾಗಾಗಿ ಕ್ರಮ ಬದಲಿಸಿದೆವು. ಮೊದಲು ಕೈ ಗುರಿಗೆ ಒಡ್ಡಿ, ಸೈಟು ಕೂರಿಸಿ, ಮಣಿಕಟ್ಟು ಮೊಣಕೈ ಬಿಗಿದು, ಆಮೇಲೆ ಕೈಯನ್ನು ಹೆಗಲಿನಿಂದ ಮಾತ್ರ ಇಳಿಸುವುದು. ಬಾವಿಯ ಏತದ ಹಾಗೆ, ಒಂದೇ ಕೀಲು. ಎತ್ತುವಾಗಲೂ ಅದೇ ಕೀಲು. ಎತ್ತುವಾಗ ಹೆಗಲು ಕಿವಿಯ ಕಡೆ ಏರಿದರೆ ಅಥವಾ ಸೊಂಟ ಹಿಂದೆ ವಾಲಿದರೆ ಮತ್ತೆ ಮೊದಲಿಂದ. ಕಣ್ಣು ಪಿಸ್ತೂಲಿನ ಜೊತೆ ಕೆಳಗಿಳಿಯಬಾರದು. ಅದು ಗುರಿಯ ಮೇಲೇ ಕಾಯುತ್ತಿರಬೇಕು, ಸೈಟು ಬಂದು ಕಣ್ಣಿನೆದುರು ನಿಲ್ಲಬೇಕು.

ಕಲಿಸುವಾಗ ಎಡಗೈಯವರ ಎದುರಿಗೆ ನಿಲ್ಲಿ. ಬಲಗೈ ಕೋಚ್ ಅವರಿಗೆ ಕನ್ನಡಿ ಇದ್ದ ಹಾಗೆ, ನೋಡಿದ್ದನ್ನು ನೋಡಿದ ಹಾಗೇ ಮಾಡಬಹುದು. ಇಬ್ಬರ ಕೈಯೂ ಖಾಲಿ ಇರಬೇಕು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಟ್ರಿಗರ್ ಮತ್ತು ಕಣ್ಣು

ಒಳ್ಳೆಯ ಸ್ಪರ್ಧಾ ಪಿಸ್ತೂಲುಗಳಲ್ಲಿ ಟ್ರಿಗರ್ ಪಟ್ಟಿಯನ್ನು ತುಸು ಪಕ್ಕಕ್ಕೆ ತಿರುಗಿಸಬಹುದು. ಎಷ್ಟೋ ಸಲ ಅದು ಬಲಗೈ ಬೆರಳಿಗೆ ಹೊಂದುವಂತೆ ತಿರುಗಿಸಿದ್ದೇ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಎಡಗೈ ಬೆರಳು ಅದನ್ನು ನೇರ ಹಿಂದಕ್ಕೆ ಎಳೆಯಲಾರದೆ ಬಲಕ್ಕೆ ನೂಕುತ್ತದೆ. ಸಣ್ಣ ಅಲೆನ್ ಕೀಲಿಯಿಂದ ಎರಡು ನಿಮಿಷದ ಕೆಲಸ.

ಟ್ರಿಗರ್ ಎಳೆಯಲು ಬೇಕಾದ ತೂಕವನ್ನೂ ನೋಡಿ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕು, 25 ಮೀಟರ್ ಪಿಸ್ತೂಲಿನದು 1000 ಗ್ರಾಂ. ಐನೂರಕ್ಕೆ ಪಳಗಿದ ಬೆರಳು ಸಾವಿರಕ್ಕೆ ಹೋದಾಗ ಜಗ್ಗುತ್ತದೆ. ಎತ್ತುವ ಅಭ್ಯಾಸಕ್ಕೆ ಏರ್ ಪಿಸ್ತೂಲಿನ ಟ್ರಿಗರನ್ನೂ ಆಗುವಷ್ಟು ಭಾರ ಮಾಡಿಕೊಳ್ಳಿ. ಹಸಿರು ಬಂದು ಕೈ ಏರುತ್ತಿರುವಾಗಲೇ ಟ್ರಿಗರಿನ ಮೊದಲ ಒತ್ತಡ ತೆಗೆದುಕೊಳ್ಳುವುದು ರೂಢಿಯಾಗಬೇಕು. ಎಲ್ಲವನ್ನೂ ಮೇಲೆ ಹೋಗಿ ಶುರು ಮಾಡಿದರೆ ಕೊನೆಗೆ ಗಡಿಬಿಡಿ ಗ್ಯಾರಂಟಿ.

ಕಣ್ಣಿನ ವಿಷಯ. ಎಡಗೈಯವರೆಲ್ಲ ಎಡಗಣ್ಣಿನವರಲ್ಲ. ಎರಡೂ ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಒಂದು ವಸ್ತು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಖ್ಯ ಕಣ್ಣು. ಎಡಗೈ, ಬಲಗಣ್ಣು ಆಗಿದ್ದರೆ ಬಲಗಣ್ಣಿನ ಮುಂದೆ ಮರೆ ಕಟ್ಟಿ ಎಡಗಣ್ಣು ಪಳಗಿಸಬಹುದು. ಸ್ಪರ್ಧೆಯಲ್ಲಿ ಆ ಮರೆಯ ಅಗಲ 30 ಮಿ.ಮೀ. ಮೀರಬಾರದು. ಇಲ್ಲವೇ ನಿಲುವನ್ನು ತುಸು ಗುರಿಗೆ ಎದುರಾಗಿ ತೆರೆದು, ತಲೆ ತಿರುಗಿಸಿ ಬಲಗಣ್ಣಿನಿಂದಲೇ ನೋಡಬಹುದು. ಹೊಸಬರಿಗೆ ನಾನು ಮರೆಯನ್ನೇ ಹೇಳುತ್ತೇನೆ. ಕಣ್ಣು ಬಿಗಿಯಾಗಿ ಮುಚ್ಚುವುದು ಮಾತ್ರ ಬೇಡ, ಇಡೀ ಮುಖ ದಣಿಯುತ್ತದೆ.

ಇನ್ನೂ ಹಿಂದಿನದೊಂದು ಪ್ರಶ್ನೆ ಇದೆ. ಮಗು ನಿಜಕ್ಕೂ ಯಾವ ಕೈಯದು? ನಮ್ಮ ಮನೆಗಳಲ್ಲಿ ಎಡಗೈಲಿ ಉಂಡರೆ, ಎಡಗೈಲಿ ಕೊಟ್ಟರೆ ಅಜ್ಜಿ ಬೈಯುತ್ತಾಳೆ. ಬರೆಯುವುದು ಬಲಗೈಲಿ, ಕಲ್ಲು ಎಸೆಯುವುದು ಎಡಗೈಲಿ ಅನ್ನುವ ಮಕ್ಕಳು ಬೇಕಾದಷ್ಟು. "ಬರೆಯೋದು ಯಾವ ಕೈ?" ಅಂತ ಕೇಳಬೇಡಿ. "ಮಾವಿನಕಾಯಿಗೆ ಕಲ್ಲು ಹೊಡೆಯೋದು ಯಾವ ಕೈ?" ಅಂತ ಕೇಳಿ.

ನಿಲ್ಲುವ ಲೇನ್

ಎಡಗೈಯವರು ಬಲಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಅವರ ಬಲಕ್ಕಿರುವ ಬಲಗೈ ಶೂಟರ್ ಎಡಕ್ಕೆ ಮುಖ ಮಾಡಿರುತ್ತಾನೆ. ಇಬ್ಬರೂ ಮುಖಾಮುಖಿ. ಒಬ್ಬರ ಕೈ ಏರಿದ್ದು ಇನ್ನೊಬ್ಬರಿಗೆ ಕಾಣುತ್ತದೆ, ಗಮನ ಹೋಗುತ್ತದೆ. ಅಭ್ಯಾಸದಲ್ಲಿ ಎಡಗೈಯವರಿಗೆ ಬಲತುದಿಯ ಲೇನ್ ಕೊಟ್ಟರೆ ಎದುರಿಗೆ ಗೋಡೆ ಬರುತ್ತದೆ, ತಂಟೆಯಿಲ್ಲ. ಆದರೆ ಸ್ಪರ್ಧೆಗೆ ಮುಂಚೆ ಒಂದೆರಡು ವಾರ ನಡುವಿನ ಲೇನ್‌ನಲ್ಲೂ ನಿಲ್ಲಿಸಿ. ಅಲ್ಲಿ ಲೇನ್ ಆರಿಸುವ ಹಕ್ಕು ನಿಮಗಿಲ್ಲ.

25 ಮೀಟರ್ ಸ್ಪರ್ಧೆಯ .22 ಪಿಸ್ತೂಲಿಗೆ ಹೋದ ಮೇಲೆ ಹೊಸದೊಂದು ಕಾಟ. ಖಾಲಿ ತೋಟಾ ಸಾಮಾನ್ಯವಾಗಿ ಬಲಕ್ಕೆ ಹಾರುತ್ತದೆ. ಬಲಗೈಯವರಿಗೆ ಅದು ಬೆನ್ನ ಕಡೆ, ಗೊತ್ತೇ ಆಗುವುದಿಲ್ಲ. ಎಡಗೈಯವರಿಗೆ ಎದೆಯ ಮುಂದೆ ಹಾರಿ ಕಣ್ಣಂಚಿಗೆ ಮಿಂಚುತ್ತದೆ. ಏರ್ ಪಿಸ್ತೂಲಿನಲ್ಲಿ ಬೆಚ್ಚದವರು ಇಲ್ಲಿ ಬೆಚ್ಚಲು ಶುರು ಮಾಡಿದರೆ ಕಾರಣ ಇದೇ ಇರಬಹುದು. ಕನ್ನಡಕ ಹಾಕಿಸಿ, ಪಕ್ಕಕ್ಕೆ ಪರದೆ ನಿಲ್ಲಿಸಿ.

ಎರಡು ಕೈ ಹಿಡಿತದವರಿಗೆ

ಪೊಲೀಸ್ ಅಥವಾ ಸೆಕ್ಯುರಿಟಿ ಕೆಲಸದವರ ತರಬೇತಿಯಲ್ಲಿ ರೆಡಿ ಪೊಸಿಷನ್ ಬೇರೆ: ಎರಡೂ ಕೈ ಚಾಚಿ ನಳಿಗೆ ತಗ್ಗಿಸಿ ನಿಲ್ಲುವ ಲೋ ರೆಡಿ, ಪಿಸ್ತೂಲನ್ನು ಎದೆಯ ಹತ್ತಿರ ಎಳೆದುಕೊಳ್ಳುವ ಬಗೆ, ಹೀಗೆ. ಅದು ಅವರವರ ಬೋಧಕರ ಕೆಲಸ, ನಾನು ಜಾಸ್ತಿ ಹೇಳುವುದಿಲ್ಲ. ಎಡಗೈಯವರಲ್ಲಿ ಕಾಣುವ ಒಂದು ದೋಷ ಮಾತ್ರ: ರೆಡಿಯಲ್ಲಿ ನಿಂತಾಗ ಮ್ಯಾಗಝಿನ್ (ಹಿಡಿಯೊಳಗೆ ಕೂರುವ ತೋಟಾ ಪೆಟ್ಟಿಗೆ) ತಾನಾಗಿ ಸಡಿಲವಾಗಿ ಜಾರುವುದು. ಬಹಳಷ್ಟು ಪಿಸ್ತೂಲುಗಳಲ್ಲಿ ಅದನ್ನು ಬಿಡಿಸುವ ಗುಂಡಿ ಎಡ ಮಗ್ಗುಲಲ್ಲಿ, ಬಲಗೈ ಹೆಬ್ಬೆರಳಿಗೆ ಅಂತ ಇರುತ್ತದೆ. ಎಡಗೈ ಅದರ ಮೇಲೇ ಕೂರುತ್ತದೆ. ಬಿಗಿಯಾಗಿ ಹಿಡಿದರೆ ಗುಂಡಿ ಒತ್ತಿ ಹೋಗುತ್ತದೆ. ಮ್ಯಾಗಝಿನ್ ಸ್ಪ್ರಿಂಗ್ ಕೆಟ್ಟಿದೆ ಅಂತ ಬದಲಿಸುವ ಮುಂಚೆ ಅದೇ ಪಿಸ್ತೂಲನ್ನು ಬಲಗೈಯವರ ಕೈಗೆ ಕೊಟ್ಟು ನೋಡಿ. ಅವರಿಗೆ ಜಾರದಿದ್ದರೆ ಸ್ಪ್ರಿಂಗ್ ನಿರಪರಾಧಿ. ಗ್ಲಾಕ್‌ನ ನಾಲ್ಕನೇ ತಲೆಮಾರಿನ ಪಿಸ್ತೂಲಿನಿಂದ ಈಚೆಗೆ ಆ ಗುಂಡಿಯನ್ನು ಬಲಕ್ಕೆ ಬದಲಿಸಬಹುದು. ಬದಲಿಸಲು ಬರದ ಪಿಸ್ತೂಲಿನಲ್ಲಿ ಹಿಡಿತವನ್ನೇ ತಿದ್ದಬೇಕು.

ನಮ್ಮ ಕೋಟೆಯ ಮೇಲಿನ ಬಾರಾ ಗಜಿ ತೋಪಿಗೆ ಈ ಎಡ-ಬಲದ ರಗಳೆಯೇ ಇಲ್ಲ ಅಂತ ಆ ಹುಡುಗಿ ಒಂದು ದಿನ ನಕ್ಕಳು. 29 ಅಡಿ ಉದ್ದದ ತೋಪನ್ನು ಯಾವ ಕೈಲಿ ಎತ್ತುವುದು?

ಅವಳ ಲೆಕ್ಕ ಇಲ್ಲಿಗೆ ಬಂದಿದೆ: ಹಿಡಿ ಮತ್ತು ಮಣಿಕಟ್ಟು ಸರಿಹೋದ ಮೇಲೆ ಮೊದಲ ಗುಂಡು ಉಳಿದವುಗಳ ಜೊತೆಗೇ ಬೀಳುತ್ತಿದೆ. ಈಗ ಐದನೆಯದು ಕೆಳಗೆ ಬಲಕ್ಕೆ ಹೋಗಲು ಶುರುವಾಗಿದೆ, ಸರಿಯಾಗಿ 5 ಗಂಟೆಗೆ. ತಿರುಗಿಸಿ ಬರೆದ ಚಾರ್ಟ್ ನೋಡಿದೆ. ಕೊನೆಯ ಗುಂಡು ಅಂತ ಜಗ್ಗುತ್ತಿದ್ದಾಳೆ. ನಾಳೆಯಿಂದ ಅವಳಿಗೆ ಗೊತ್ತಾಗದ ಹಾಗೆ ಪೆಲೆಟ್ ಹಾಕಿದ್ದು, ಹಾಕದ್ದು ಬೆರೆಸಿ ಕೊಟ್ಟು ನೋಡಬೇಕು, ಖಾಲಿ ಇದ್ದಾಗ ಜಗ್ಗಿದ್ದು ಎದ್ದು ಕಾಣುತ್ತದೆ.